ಸ್ಪ್ರೇಯರ್ ಹುಲಿಗವ್ವ ಹೊಳೆಗಿಳಿದದ್ದು

ಗಂಗಾವತಿಯಿಂದ ಹೊಳೆಯ ಕಡೆ ಹೋಗುವ ರಸ್ತೆಯಲ್ಲಿ, ಕಾಲುವೆ ದಾಟಿದ ಮೇಲೆ ಒಂದು ತಗಡಿನ ಅಂಗಡಿ ಇತ್ತು. ಭತ್ತಕ್ಕೆ ಹುಳದ ಎಣ್ಣೆ ಹೊಡೆಯಲು ಬೆನ್ನಿಗೆ ಹಾಕಿಕೊಳ್ಳುವ ಪೆಟ್ರೋಲ್ ಸ್ಪ್ರೇಯರ್ ಕೆಟ್ಟರೆ ಸುತ್ತಲಿನ ರೈತರು ಅಲ್ಲಿಗೇ ತರುತ್ತಿದ್ದರು. ಅಂಗಡಿ ಸಣ್ಣಪ್ಪನದು. 1999ರಲ್ಲಿ ಅವನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಬಾಯಿ ಮಾತ್ರ ನೆಟ್ಟಗಿತ್ತು. ಅವನು ಕುರ್ಚಿಯಲ್ಲಿ ಕೂತು ಹೇಳುವುದು, ಹೆಂಡತಿ ಹುಲಿಗವ್ವ ಪಾನಾ ಹಿಡಿದು ನಟ್ಟು ಬಿಚ್ಚುವುದು, ಹೀಗೆ ಎರಡು ವರ್ಷ ನಡೆಯಿತು. ಮೂರನೆಯ ವರ್ಷಕ್ಕೆ ಅವನು ಹೇಳುವ ಮೊದಲೇ ಅವಳು ಬಿಚ್ಚಿರುತ್ತಿದ್ದಳು. ಮೊದಮೊದಲು ಕೆಲವರು "ಹೆಣ್ಮಗಳು ಏನ್ ಮಾಡ್ತಾಳ" ಎಂದು ತಿರುಗಿ ಹೋಗುತ್ತಿದ್ದರು. ಸಣ್ಣಪ್ಪ ತೀರಿಕೊಳ್ಳುವ ಹೊತ್ತಿಗೆ ಆ ಮಾತು ಆಡುವವರು ಉಳಿದಿರಲಿಲ್ಲ. ಊರೆಲ್ಲ ಅವಳನ್ನು ಸ್ಪ್ರೇಯರ್ ಹುಲಿಗವ್ವ ಎಂದೇ ಕರೆಯುತ್ತಿತ್ತು.

2013ರ ಮಳೆಗಾಲ. ಒಂದು ಮಧ್ಯಾಹ್ನ ಕುಬೇರಪ್ಪ ಮೋಟಾರ್ ಸೈಕಲ್ ಬಂದ್ ಮಾಡದೆ ಅಂಗಡಿಯ ಮುಂದೆ ನಿಂತ. ಹೊಳೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ಅವನದು. ಮೋಟಾರ್ ಹಾಕಿದ ಬೋಟು ಆ ದಂಡೆಯಲ್ಲಿ ಅವನೊಬ್ಬನ ಹತ್ತಿರವೇ ಇದ್ದದ್ದು.

"ಹುಲಿಗವ್ವ, ಪಾನಾ ಚೀಲ ತಗೊಂಡು ಹತ್ತವ್ವ. ಡ್ಯಾಮಿಂದ ನೀರು ಭಾಳ ಬಿಟ್ಟಾರ. ನಾಟಿಗೆ ಹೋದ ಒಂಬತ್ತು ಮಂದಿ ನಡುಗಡ್ಡಿಯೊಳಗ ಸಿಕ್ಕೊಂಡಾರ. ಬೋಟಿನ ಮೋಟಾರು ಒಮ್ಮಿ ಚಾಲೂ ಆಗ್ತೈತಿ, ಒಮ್ಮಿ ಆಗವಲ್ದು."

"ನಾ ಬೋಟಿನ ಮೋಟಾರು ಮುಟ್ಟೇ ಇಲ್ಲಲ್ಲೋ ಯಪ್ಪಾ."

"ಸ್ಪ್ರೇಯರ್‌ನಂಗ ಅದಕ್ಕೂ ಹಗ್ಗ ಎಳೀಬೇಕು. ನಡಿ."

ಹೊಳೆದಂಡೆಯಲ್ಲಿ ಅರ್ಧ ಊರೇ ನೆರೆದಿತ್ತು. ಕೆಂಪು ನೀರು ಮುಳ್ಳುಕಂಟಿ, ಬಾಳೆಗಿಡ ಹೊತ್ತುಕೊಂಡು ಭರ್ರೆಂದು ಹೋಗುತ್ತಿತ್ತು. ಆಚೆ ಗಡ್ಡೆಯ ಮೇಲೆ ಪಂಪ್‌ಸೆಟ್ಟಿನ ಕೋಣೆ, ಅದರ ಸುತ್ತ ಒತ್ತೊತ್ತಾಗಿ ನಿಂತ ಜನ. ನಾಟಿ ಮಾಡಿದ ಗದ್ದೆ ಕಾಣುತ್ತಿರಲಿಲ್ಲ. ಆ ಸೆಳೆತಕ್ಕೆ ಹರಿಗೋಲು ಇಳಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಬೋಟು ನಡೆಸುವ ಬಾಬಾಸಾಬ ಹಗ್ಗ ಎಳೆದೂ ಎಳೆದೂ ಬೆವರಿದ್ದ. ಹುಲಿಗವ್ವ ಮೋಟಾರಿನ ಮುಚ್ಚಳ ತೆಗೆದು ನೋಡಿದಳು. ದೊಡ್ಡದು, ಆದರೆ ಒಳಗೆ ಗುರುತಿನ ಸಾಮಾನುಗಳೇ. ಪ್ಲಗ್ ಬಿಚ್ಚಿದಳು. ಕಪ್ಪಗೆ ಹಸಿಯಾಗಿತ್ತು. ಉಜ್ಜಿ ಒರೆಸಿ ಹಾಕಿ ಹಗ್ಗ ಎಳೆದರೆ ಒಂದೇ ಏಟಿಗೆ ಚಾಲೂ ಆಯಿತು. ಜನ ಹೋ ಎಂದರು.

"ಆತು, ಒಯ್ರಿ" ಎಂದಳು.

ಬೋಟಿಗೆ ಉದ್ದದ ಹಗ್ಗ ಕಟ್ಟಿ, ದಂಡೆಯ ಮೇಲೆ ಹತ್ತು ಜನ ಹಿಡಿದಿದ್ದರು. ಹಗ್ಗ ಅರ್ಧ ಹೊಳೆಗೆ ಮಾತ್ರ ಸಾಲುತ್ತಿತ್ತು. ಅಲ್ಲಿಗೆ ಮುಟ್ಟಿದ ಮೇಲೆ ಬಾಬಾಸಾಬ ಅದನ್ನು ಬಿಚ್ಚಿಬಿಡಬೇಕು. ಬೋಟು ಅಲ್ಲಿಗೆ ಬಂದಿತ್ತು, ಹಗ್ಗ ಇನ್ನೂ ಬಿಚ್ಚಿರಲಿಲ್ಲ. ಅವನು ಮೋಟಾರಿನ ಹ್ಯಾಂಡಲ್ ದೂಡಿ ಗಡ್ಡೆಯ ಕಡೆ ತಿರುಗಿಸಿದ, ಮೋಟಾರು ಗಪ್ಪನೆ ನಿಂತಿತು. ಬೋಟು ಅಡ್ಡಲಾಗಿ ಸೆಳೆತಕ್ಕೆ ಸಿಕ್ಕಿತು. ಹಗ್ಗ ಹಿಡಿದವರು ಕೆಸರಿನಲ್ಲಿ ಜಾರುತ್ತ, ಬೀಳುತ್ತ, ಬಾಬಾಸಾಬನನ್ನು ಹೇಗೋ ದಂಡೆಗೆ ಎಳೆದುಕೊಂಡರು.

"ಸ್ಪ್ರೇಯರ್ ಮಾಡಾಕಿನ್ನ ಕರಕೊಂಡು ಬಂದು ಒಬ್ಬನ ಜೀವಾ ಕಳೀತಿದ್ದೆ" ಎಂದು ಕುಬೇರಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ.

ಹುಲಿಗವ್ವ ಬೋಟಿಗೆ ಕಟ್ಟಿದ ಹಗ್ಗವನ್ನೇ ನೋಡಿದಳು. ಹಗ್ಗ ಇನ್ನೊಂದು ಗಳಿಗೆ ಮೊದಲೇ ಬಿಚ್ಚಿದ್ದರೆ? ಒಯ್ರಿ ಎಂದವಳು ತಾನೇ. ಬಾಬಾಸಾಬ ಮೋಟಾರಿನ ಹಗ್ಗ ಮತ್ತೆ ಎಳೆದ. ಮೋಟಾರು ಒಂದೇ ಏಟಿಗೆ ಚಾಲೂ ಆಯಿತು! ಅದನ್ನು ಕಂಡು ಅವಳಿಗೆ ಇನ್ನೂ ಹೆದರಿಕೆಯಾಯಿತು. ದೋಷ ಪ್ಲಗ್ಗಿನದಾಗಿದ್ದರೆ ಇಷ್ಟು ಸಲೀಸಾಗಿ ಹತ್ತಿಕೊಳ್ಳುತ್ತಿರಲಿಲ್ಲ.

"ಬಾಬಾಸಾಬಣ್ಣ, ನಿಂತಾಗ ಹ್ಯಾಂಡಲ್ ಯಾವ ಕಡಿ ಇತ್ತು?"

"ಆ ಕಡಿ ದೂಡಿದ್ದೆ. ಗಡ್ಡಿಗೆ ತಿರುಗಬೇಕಲ್ಲ."

"ಈಗ?"

ಅವನು ತನ್ನ ಕೈ ನೋಡಿಕೊಂಡ. ಹ್ಯಾಂಡಲ್ ಎದೆಯ ಕಡೆ ಎಳೆದುಕೊಂಡಿದ್ದ. "ಈ ಕಡಿ."

"ಆ ಕಡಿ ದೂಡು."

ದೂಡಿದ. ಮೋಟಾರು ಸತ್ತಿತು. ಹತ್ತು ಸಲ ಎಳೆದರೂ ಉಸಿರಾಡಲಿಲ್ಲ. ಹ್ಯಾಂಡಲ್ ಈಚೆ ತಂದು ಹಗ್ಗ ಎಳೆದ ಕೂಡಲೇ ಮತ್ತೆ ಗುರ್ರೆಂದಿತು.

ಬಂದ್ ಮಾಡುವ ಬಟನ್ನಿನ ವಾಯರ್ ಹ್ಯಾಂಡಲ್ಲಿನ ಬುಡದಲ್ಲಿ ಹಾದು ಒಳಗೆ ಹೋಗುತ್ತಿತ್ತು. ಆ ವಾಯರ್ ಕಬ್ಬಿಣಕ್ಕೆ ತಾಗಿದರೆ ಪ್ಲಗ್ಗಿಗೆ ಕರೆಂಟ್ ಬರುವುದಿಲ್ಲ, ಬಟನ್ ಒತ್ತಿದಂತೆಯೇ. ಸ್ಪ್ರೇಯರಿನಲ್ಲೂ ಅಷ್ಟೇ. ಹುಲಿಗವ್ವ ಬೆರಳು ತೂರಿಸಿ ಸವರಿದಳು. ಒಂದು ಕಡೆ ಮೇಲಿನ ರಬ್ಬರು ತಿಕ್ಕಿ ತಿಕ್ಕಿ ಸವೆದುಹೋಗಿತ್ತು, ತಾಮ್ರದ ಎಳೆ ಬೆರಳಿಗೆ ಚುಚ್ಚಿತು. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಟೇಪು ಬಿಗಿದು, ವಾಯರನ್ನು ಹ್ಯಾಂಡಲ್ಲಿನಿಂದ ದೂರ ಎತ್ತಿ ಕಟ್ಟಿದಳು. ಆ ಕಡೆ ಈ ಕಡೆ ಇಪ್ಪತ್ತು ಸಲ ತಿರುಗಿಸಿ ನೋಡಿದಳು. ನಿಲ್ಲಲಿಲ್ಲ.

ಈ ಸಲ ಒಯ್ರಿ ಎನ್ನಲಿಲ್ಲ. ಸೀರೆಯ ಕಚ್ಚೆ ಹಾಕಿ ತಾನೇ ಬೋಟು ಹತ್ತಿದಳು.

"ನಿನಗ ಈಜು ಬರ್ತೈತೇನ್ ಅಕ್ಕ?" ಎಂದ ಬಾಬಾಸಾಬ.

"ಇಲ್ಲ. ನೀ ನಡಸು."

ಅರ್ಧ ಹೊಳೆಗೆ ಹಗ್ಗ ಮುಗಿಯಿತು. "ಬಿಚ್ಚಕ್ಕ" ಎಂದ. ಅವಳು ಗಂಟು ಬಿಚ್ಚಿದಳು. ಹಗ್ಗದ ತುದಿ ನೀರಿನಲ್ಲಿ ಹಾವಿನಂತೆ ಹೊರಟು ಹೋಯಿತು. ಬಾಬಾಸಾಬ ಹ್ಯಾಂಡಲ್ ಆಚೆ ದೂಡಿದ. ಮೋಟಾರಿನ ಸದ್ದು ಕುಗ್ಗಿತು. ಅವಳು ವಾಯರನ್ನು ಬೆರಳಿನಿಂದ ಎತ್ತಿ ಹಿಡಿದಳು. ಸದ್ದು ಮತ್ತೆ ಏರಿತು. ಸೆಳೆತಕ್ಕೆ ಬಿಲ್ಲಿನಂತೆ ಬಾಗಿ ಹೋಗಿ, ಬೋಟು ಗಡ್ಡೆಯ ಕೆಳತುದಿಗೆ ಮೂಗು ತೂರಿಸಿತು.

ಮೊದಲು ಐವರು, ಆಮೇಲೆ ನಾಲ್ವರು. ಎರಡೂ ಸಲ ಅವಳು ಹೋಗಿ ಬಂದಳು. ಕೊನೆಯವರನ್ನು ಕರೆತರುವಾಗ ಪಂಪಿನ ಕೋಣೆಗೆ ನೀರು ಹೊಕ್ಕಿತ್ತು. ದಂಡೆಗೆ ಬಂದ ಮೇಲೆ ಅವಳನ್ನು ನಾಟಿಯ ಹೆಂಗಸರೇ ರೆಟ್ಟೆ ಹಿಡಿದು ಇಳಿಸಿದರು. ಕುಬೇರಪ್ಪ ಹತ್ತಿರ ಬಂದು, "ತಪ್ಪು ಮಾತಾಡಿದೆ ತಂಗಿ" ಎಂದ.

"ಮೊದಲ ತಪ್ಪಿದಾಕಿ ನಾನಽ ಅಣ್ಣ" ಎಂದಳು. ಅದು ದೊಡ್ಡಸ್ತಿಕೆಯ ಮಾತಲ್ಲ. ಬೋಟು ಅಡ್ಡ ತಿರುಗಿದ್ದು ಎಷ್ಟೋ ದಿನ ಅವಳ ಕಣ್ಣಿಗೆ ಕಟ್ಟುತ್ತಿತ್ತು.

ಅಲ್ಲಿಂದ ಮುಂದೆ ಅವಳು ರಿಪೇರಿಯಾದ ಮಷೀನನ್ನು ಹಾಗೇ ಕೊಟ್ಟು ಕಳಿಸಿದ್ದಿಲ್ಲ. ಚಾಲೂ ಮಾಡಿ ರೈತನ ಬೆನ್ನಿಗೇರಿಸುತ್ತಾಳೆ. "ನಡಿ. ಬಗ್ಗು. ಎಡಕ್ಕ ತಿರುಗು, ಬಲಕ್ಕ ತಿರುಗು" ಎನ್ನುತ್ತಾಳೆ. ಕಾಲುವೆ ರಸ್ತೆಯಲ್ಲಿ ಹೋಗುವವರು ನಗುತ್ತಾರೆ. ಅವಳು ನಗುವುದಿಲ್ಲ, ಮಷೀನಿನ ಸದ್ದನ್ನು ಕಿವಿಗೊಟ್ಟು ಕೇಳುತ್ತಿರುತ್ತಾಳೆ.