ಒಂದು ಕೆನ್ನೆ ಕಂಪನಿಗೆ

ಮೊದಲು ಕ್ಷಮಿಸಬೇಕು. ನನ್ನ ಅಕ್ಷರ ಚೆನ್ನಾಗಿಲ್ಲ. ಎಂಟನೇ ತರಗತಿಯ ನಡುವೆಯೇ ಶಾಲೆ ಬಿಟ್ಟವಳು, ಆಮೇಲೆ ಪೆನ್ನು ಹಿಡಿದದ್ದು ಕಡಿಮೆ. ಸಾಲು ಓರೆಯಾಗುತ್ತದೆ, ಒತ್ತಕ್ಷರ ಬಂದರೆ ಕೈ ನಿಲ್ಲುತ್ತದೆ. ನನ್ನಲ್ಲಿ ಒಳ್ಳೆಯ ಮಾತುಗಳೂ ಇಲ್ಲ. ನಾಲ್ಕು ಜನ ನನ್ನ ಕಡೆ ನೋಡಿದರೆ ಮಾತು ತಪ್ಪುತ್ತದೆ, ಅದಕ್ಕೇ ಹೇಳುವ ಬದಲು ಬರೆಯುತ್ತಿದ್ದೇನೆ. ನಡೆದದ್ದನ್ನು ಬಿಟ್ಟು ಬೇರೆ ಏನೂ ಸೇರಬಾರದೆಂದು ಪ್ರತಿ ಸಾಲನ್ನೂ ಮತ್ತೆ ಓದಿಕೊಂಡಿದ್ದೇನೆ.

ಇದು ನನ್ನ ಚಿಕ್ಕಪ್ಪ ನಲ್ಲಪ್ಪನ ಸಂಗತಿ. ಪೀಣ್ಯದ ನಮ್ಮ ಶೆಡ್ಡುಗಳ ಸಾಲಿನಲ್ಲಿ 'ಅರ್ಧ ಗಡ್ಡದ ನಲ್ಲಪ್ಪ' ಎಂದರೆ ಎಲ್ಲರಿಗೂ ಗೊತ್ತು. ಟೀ ಅಂಗಡಿಯಲ್ಲಿ ಈಗಲೂ ಅವನ ಕತೆ ಹೇಳಿ ನಗುತ್ತಾರೆ. ನಗುವವರಿಗೆ ಪೂರ್ತಿ ಗೊತ್ತಿಲ್ಲ.

ನಮ್ಮ ಹೊಲಗಳು ಕಾರ್ಖಾನೆಗಳಿಗೆ ಹೋದ ಮೇಲೆ ಅಪ್ಪ ಎಮ್ಮೆ ಕಟ್ಟಿ ಹಾಲು ಹಾಕತೊಡಗಿದರು, ಚಿಕ್ಕಪ್ಪ ಶ್ಯಾಮಣ್ಣನವರ ಶೆಡ್ಡಿಗೆ ಸೇರಿದ. ಅಲ್ಲಿ ಶೇವಿಂಗ್ ಸೆಟ್ಟು ಮಾಡುತ್ತಾರೆ. ಬ್ಲೇಡು ಅಲ್ಲ, ಬ್ಲೇಡು ಹಾಕಿಕೊಳ್ಳುವ ಸೆಟ್ಟು. ಒಂದು ಹಿಡಿ, ಬ್ಲೇಡಿನ ಅಡಿಯಲ್ಲಿ ಕೂರುವ ತಟ್ಟೆ, ಮೇಲೊಂದು ಮುಚ್ಚಳ. ಹಿಡಿಯನ್ನು ತಿರುಗಿಸಿದರೆ ಎಲ್ಲವೂ ಬಿಗಿಯಾಗಿ ಬ್ಲೇಡಿನ ಅಂಚು ಎರಡೂ ಪಕ್ಕಕ್ಕೆ ಕೂದಲೆಳೆಯಷ್ಟು ಇಣುಕುತ್ತದೆ. ಅದು ಎಷ್ಟು ಇಣುಕುತ್ತದೆ ಎನ್ನುವುದೇ ಮುಖ್ಯ. ಹೆಚ್ಚಾದರೆ ಚರ್ಮ ಹೋಗುತ್ತದೆ. ಕಡಿಮೆಯಾದರೆ ಗಡ್ಡದ ಮೇಲೆ ಜಾರುತ್ತದೆ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ.

ಚಿಕ್ಕಪ್ಪ ಮೊದಲು ಪ್ರೆಸ್ಸಿನಲ್ಲಿದ್ದ. ತಗಡು ಒತ್ತುವ ಆ ಪ್ರೆಸ್ಸು ಒಂದು ದಿನ ಅವನ ಎಡಗೈಯ ಎರಡು ಬೆರಳನ್ನು ತೆಗೆದುಕೊಂಡಿತು. ಗಾಯ ಮಾಯ್ದು ವಾಪಸು ಬಂದವನನ್ನು ಶ್ಯಾಮಣ್ಣನವರು ಮನೆಗೆ ಕಳಿಸಲಿಲ್ಲ. ಬೆಳಕಿಗೆ ನಿಲ್ಲಿಸಿ ಮುಖ ನೋಡಿದರು. ಚಿಕ್ಕಪ್ಪನ ಗಡ್ಡ ತಂತಿಯ ಹಾಗೆ ಒರಟು. ಚರ್ಮ ಮಾತ್ರ ಎಳೆ ಮಗುವಿನದು, ಟವೆಲ್ಲಿನಿಂದ ಉಜ್ಜಿದರೂ ಕೆಂಪಾಗುವಂಥದ್ದು.

"ಇಂಥಾ ಮುಖ ಹುಡುಕಿದ್ರೂ ಸಿಗಲ್ಲ ಕಣಯ್ಯ," ಅಂದರು. "ನಿನ್ನ ಮುಖದ ಮೇಲೆ ನಡೆದಿದ್ದು ಎಲ್ಲಿ ಬೇಕಾದ್ರೂ ನಡೆಯುತ್ತೆ."

ಅಂದಿನಿಂದ ಅವನ ಕೆಲಸವೇ ಗಡ್ಡ ಮಾಡಿಕೊಳ್ಳುವುದಾಯಿತು. ಸೆಟ್ಟಿಗೆ ಹೊಳಪು ಕೊಡುವ ಪ್ಲೇಟಿಂಗ್ ತೊಟ್ಟಿಯ ಹತ್ತಿರ ಕೆಲಸ ಮಾಡುವ ಆವಲಪ್ಪನಿಗೆ ಅದೊಂದು ದೊಡ್ಡ ತಮಾಷೆ.

"ಕೈ ಕೊಟ್ಟಾಯ್ತು, ಈಗ ಮುಖ ಕೊಡ್ತಾವ್ನೆ. ಮುಂದ್ಕೆ ಏನ್ ಕೊಡ್ತೀಯ ಗುರು?"

"ನಿನ್ ನಾಲ್ಗೇನ," ಎನ್ನುತ್ತಿದ್ದ ಚಿಕ್ಕಪ್ಪ. "ತೂಕಕ್ಕೆ ಹಾಕಿದ್ರೆ ಶೆಡ್ಡನ್ನೇ ಕೊಂಡ್ಕೋಬೋದು."

ಆಗ ಅವನು ನಗುತ್ತಿದ್ದ. ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅಷ್ಟು ಹೊತ್ತಿಗೆ ನಾನೂ ಅಲ್ಲಿ ಡಬ್ಬಿಗೆ ಸೆಟ್ಟು ತುಂಬುವ ಕೆಲಸಕ್ಕೆ ಸೇರಿದ್ದೆ.

ಬೆಳಿಗ್ಗೆ ಯಂತ್ರಗಳು ಶುರುವಾಗುವ ಮೊದಲು ನಲ್ಲಿಯ ಪಕ್ಕದ ಬೆಂಚಿನ ಮೇಲೆ ಅವನು ಕೂರುತ್ತಿದ್ದ. ಟೀ ಅಂಗಡಿಯಿಂದ ಬಿಸಿನೀರು. ಬ್ರಷ್ಷಿನಿಂದ ಸೋಪು ಹಚ್ಚಿ ನೊರೆ ಮಾಡಿ ಸ್ವಲ್ಪ ಹೊತ್ತು ಬಿಡುತ್ತಿದ್ದ, ಗಡ್ಡ ನೆನೆಯಬೇಕು. ಒಂದೇ ಪೊಟ್ಟಣದ ಎರಡು ಹೊಸ ಬ್ಲೇಡು. ಎಡಗೆನ್ನೆಗೆ ನಮ್ಮ ಸೆಟ್ಟು, ಬಲಗೆನ್ನೆಗೆ ಶ್ಯಾಮಣ್ಣನವರ ಭಾವಮೈದ ಹೊರದೇಶದಿಂದ ತಂದಿದ್ದ ಸೆಟ್ಟು. ಮರುದಿನ ಅದಲು ಬದಲು. ಮುಗಿದ ಮೇಲೆ ನನ್ನ ಸರದಿ. ನಾನು ಅಣ್ಣನ ಮಗಳಾದ್ದರಿಂದ ಅವನ ಮುಖ ಮುಟ್ಟಿದರೆ ಯಾರೂ ಏನೂ ಅನ್ನುವಂತಿರಲಿಲ್ಲ. ಒಣ ಹತ್ತಿಯ ಉಂಡೆಯನ್ನು ಕೆನ್ನೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಿದ್ದೆ. ಕೂದಲ ಮೊಳೆ ಉಳಿದ ಕಡೆ ಹತ್ತಿ ಸಿಕ್ಕಿಕೊಳ್ಳುತ್ತದೆ. ನುಣುಪಿದ್ದ ಕಡೆ ಜಾರಿಹೋಗುತ್ತದೆ. ಆಮೇಲೆ ಅವನು ಒದ್ದೆ ಪಟಿಕದ ಕಲ್ಲನ್ನು ಮುಖಕ್ಕೆಲ್ಲ ಸವರುತ್ತಿದ್ದ. ಚರ್ಮ ಹೋದ ಕಡೆಯೆಲ್ಲ ಪಟಿಕ ಉರಿಯುತ್ತದೆ.

"ಹೊರಗಿಂದು ತೂಕ ಐತೆ ಸಾರ್, ತಾನೇ ಇಳಿಯುತ್ತೆ. ನಮ್ದು ಹಗುರ. ಕೈ ಒತ್ತುತ್ತೆ, ಒತ್ತಿದ್ರೆ ಕಚ್ಚುತ್ತೆ," ಎಂದು ಶ್ಯಾಮಣ್ಣನವರಿಗೆ ಹೇಳುತ್ತಿದ್ದ. ತಟ್ಟೆಯ ಅಂಚಿಗೆ ಬಾಚಣಿಗೆಯಂತೆ ಹಲ್ಲು ಇರುವ ಸೆಟ್ಟನ್ನೂ ಹಲ್ಲಿಲ್ಲದ ನೇರ ಅಂಚಿನದನ್ನೂ ಹೋಲಿಸಿದಾಗ, "ಹಲ್ಲಿಂದು ಬೇಗ ಕೆಲ್ಸ ಮುಗಿಸುತ್ತೆ, ಗಂಟ್ಲತ್ರ ಉರಿಸುತ್ತೆ. ನೇರ ಅಂಚಿಂದು ನಿಧಾನ, ಆದ್ರೆ ಸಂಜೆಗಂಟ ಮುಖ ತಣ್ಣಗಿರುತ್ತೆ," ಅಂದ. ಶ್ಯಾಮಣ್ಣನವರು ಅಂಚನ್ನು ಸ್ವಲ್ಪ ಉಜ್ಜಿಸಿ ಮತ್ತೆ ತಂದುಕೊಡುತ್ತಿದ್ದರು. ಮತ್ತೆ ಗಡ್ಡ, ಮತ್ತೆ ಹತ್ತಿ, ಮತ್ತೆ ಪಟಿಕ.

ಹೀಗಿರುವಾಗ ಚಿಕ್ಕಮ್ಮ ಭಾಗ್ಯಮ್ಮ ಮತ್ತೆ ಬಸುರಿಯಾದಳು. ಹಿಂದೆ ಎರಡು ಸಲ ಬಸುರು ನಿಂತರೂ ಉಳಿದಿರಲಿಲ್ಲ. ನಮ್ಮ ಕಡೆ ಹೆಂಡತಿ ಬಸುರಿಯಾದರೆ ಗಂಡ ಹೆರಿಗೆಯಾಗುವವರೆಗೂ ಕೂದಲು ತೆಗೆಸುವುದಿಲ್ಲ, ಗಡ್ಡ ಮಾಡಿಕೊಳ್ಳುವುದಿಲ್ಲ. ಎಲ್ಲರೂ ಅಷ್ಟು ಬಿಗಿಯಾಗಿ ನಡೆಸುವುದಿಲ್ಲ, ಆದರೆ ಎರಡು ಸಲ ಕಳೆದುಕೊಂಡ ಮನೆಯಲ್ಲಿ ಯಾರು ತಾನೇ ಧೈರ್ಯ ಮಾಡುತ್ತಾರೆ? ಚಿಕ್ಕಮ್ಮನ ತಾಯಿ ವೆಂಕಟಮ್ಮಜ್ಜಿ ಸರ್ಜಾಪುರದಿಂದ ಎರಡು ಬಸ್ಸು ಹತ್ತಿ ಬಂದಳು. ಚೀಲ ಇಳಿಸುವ ಮೊದಲೇ ಅಳಿಯನ ಮುಖ ನೋಡಿದಳು.

"ಏನಪ್ಪಾ ನಲ್ಲಪ್ಪ, ಕನ್ನಡಿ ಅಂಗೆ ಒಳೀತಾ ಐತೆ ಮುಖ. ಎರಡು ಕಳ್ಕೊಂಡಿದ್ದು ಸಾಲ್ದಾ?"

"ಕೆಲ್ಸ ಅತ್ತೆ ಅದು."

"ಕೆಲ್ಸ ಅಂತೆ. ಲೋಕದಾಗೆ ಗಂಡುಸ್ರೆಲ್ಲಾ ಗಡ್ಡ ಮಾಡ್ಕೊಂಡಾ ಒಟ್ಟೆ ಒರ್ಕಂತಾರೆ? ಈ ಸಲನಾದ್ರೂ ಕತ್ತಿ ಮುಟ್ಬ್ಯಾಡ. ನನ್ ಮಗ್ಳ ತಲೆ ಮ್ಯಾಲೆ ಕೈ ಇಟ್ಟು ಆಣೆ ಮಾಡು."

ಚಿಕ್ಕಮ್ಮ ಒಲೆಯ ಮುಂದೆ ಕೂತಿದ್ದಳು, ತಿರುಗಿ ನೋಡಲಿಲ್ಲ. ಚಿಕ್ಕಪ್ಪ ಹೋಗಿ ಅವಳ ತಲೆಯ ಮೇಲೆ ಕೈ ಇಟ್ಟ. "ಮುಟ್ಟಲ್ಲ," ಅಂದ.

ಮರುದಿನ ನಡೆದದ್ದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಡಬ್ಬಿಗಳ ರಾಶಿಯ ಹಿಂದೆ ಕೂತಿದ್ದೆ. ಚಿಕ್ಕಪ್ಪ ಶ್ಯಾಮಣ್ಣನವರ ಮೇಜಿನ ಮುಂದೆ ನಿಂತು, ಹೆರಿಗೆಯಾಗುವವರೆಗೆ ತನ್ನನ್ನು ಬಿಡಬೇಕೆಂದು ಕೇಳಿದ.

ಶ್ಯಾಮಣ್ಣನವರು ಕೆಟ್ಟವರಲ್ಲ. ಆದರೆ ಹೊಸ ಸೆಟ್ಟಿಗೆ ಡೈ ಮಾಡಿಸುವ ಹೊತ್ತು ಅದು. ಡೈ ಎಂದರೆ ತಟ್ಟೆಯನ್ನು ಒತ್ತಿ ತೆಗೆಯುವ ಉಕ್ಕಿನ ಅಚ್ಚು. ಒಂದು ಸಲ ಕಡೆದರೆ ಮುಗಿಯಿತು, ಅಂಚು ತಪ್ಪಿದ್ದರೆ ಸಾವಿರಾರು ಸೆಟ್ಟೂ ತಪ್ಪೇ. "ಈಗ ಕೈ ಬಿಟ್ರೆ ನಾನು ಮುಳುಗಿದೆ ಕಣಯ್ಯ. ಬೇರೆ ಯಾರ ಮುಖ ತರ್ಲಿ? ಆವಲಪ್ಪಂದು ನೋಡಿದ್ವಲ್ಲ, ಅವ್ನಿಗಿರೋ ನಾಲ್ಕು ಕೂದ್ಲಿಗೆ ಯಾವ್ದು ಹಾಕಿದ್ರೂ ನುಣುಪೇ."

"ಶೆಡ್ಡು ಗುಡಿಸ್ತೀನಿ ಸಾರ್. ಗಾಡಿ ತಳ್ತೀನಿ. ಕಕ್ಕಸು ಬೇಕಾದ್ರೂ ತೊಳೀತೀನಿ."

"ಗುಡಿಸೋಕೆ ಜನ ಇದಾರೆ. ಒಂದೂವರೆ ಕೈಯವನ್ನ ಇಟ್ಕೊಂಡಿರೋದು ಯಾಕೆ, ನೀನೇ ಹೇಳು. ಗಡ್ಡ ಬಿಡೋದಾದ್ರೆ ಮನೇಲಿ ಕೂತು ಬಿಡು."

ಚಿಕ್ಕಪ್ಪ ಬಂದು ಬೆಂಚಿನ ಮೇಲೆ ಕೂತು ಬಲಗೆನ್ನೆಗೆ ಮಾತ್ರ ಸೋಪು ಹಚ್ಚಿದ.

"ಆ ಕಡೆ?" ಅಂದೆ.

"ಇದು ಕಂಪ್ನಿಗೆ. ಅದು ಮಗೀಗೆ. ಊಟಕ್ಕೆ ಕೂತಾಗ ನಿಮ್ ಚಿಕ್ಕಮ್ಮಂಗೆ ಆ ಕಡೆ ಕೆನ್ನೆ ತಾನೆ ಕಾಣೋದು."

ಇದು ಸರಿಯೋ ತಪ್ಪೋ ಎಂದು ಯೋಚಿಸುವಷ್ಟು ದೊಡ್ಡವಳಲ್ಲ ನಾನು. ಅವನಿಗೆ ಬೇರೆ ದಾರಿ ಇತ್ತೇ ಎಂದು ಎಷ್ಟು ಯೋಚಿಸಿದರೂ ನನಗೆ ಇನ್ನೂ ಹೊಳೆದಿಲ್ಲ.

ಸಂಜೆ ಚಿಕ್ಕಮ್ಮ ಅವನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಶ್ಯಾಮಣ್ಣನವ್ರನ್ನ ಕೇಳ್ಲಿಲ್ವಾ?"

"ಕೇಳೋದೇನು? ಕೆಲ್ಸ ಅಲ್ವಾ," ಅಂದ ಚಿಕ್ಕಪ್ಪ. ಕಕ್ಕಸು ತೊಳೆಯುತ್ತೇನೆಂದು ಬೇಡಿಕೊಂಡೆ, ಅದನ್ನೂ ಕೊಡಲಿಲ್ಲ ಎಂದು ಹೆಂಡತಿಯ ಮುಂದೆ ಹೇಳುವುದಕ್ಕೆ ಅವನಿಗೆ ಬಾಯಿ ಬರಲಿಲ್ಲ. ನಾನೂ ಅಲ್ಲೇ ಇದ್ದೆ. ದೊಡ್ಡವರ ಮಾತಿನ ನಡುವೆ ನಾನು ಬಾಯಿ ಹಾಕುವವಳಲ್ಲ.

ಎಡಗೆನ್ನೆಯ ಗಡ್ಡ ಬೆಳೆಯಿತು. ಮೀಸೆಯ ನಡುವಿನಿಂದ ಗೆರೆ ಎಳೆದ ಹಾಗೆ ಒಂದು ಕಡೆ ಕಾಡು, ಒಂದು ಕಡೆ ಬಯಲು. ಹಲ್ಲುನೋವಿನವನ ಹಾಗೆ ಟವೆಲ್ಲು ಸುತ್ತಿಕೊಂಡು ಓಡಾಡಿದ. ಬಸ್ಸಿನ ಕಂಡಕ್ಟರು, "ಅಣ್ಣ, ಅರ್ಧ ಟಿಕೆಟ್ ಕೊಡ್ಲಾ?" ಎಂದು ಕೇಳಿದನಂತೆ. ಆವಲಪ್ಪ ದಿನವೂ ಒಂದೊಂದು ಹೊಸ ಮಾತು ಹುಡುಕಿಕೊಂಡು ಬರುತ್ತಿದ್ದ.

"ನಿನ್ ಹೆಂಡ್ತಿ ಯಾವ್ ಕಡೆಗೆ ಮುತ್ತು ಕೊಡ್ತಾಳೆ ಮಗಾ?"

ಚಿಕ್ಕಪ್ಪ ಈಗ ಟವೆಲ್ಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದ.

ಕೆಲಸ ಮಾತ್ರ ಕಡಿಮೆಯಾಗಲಿಲ್ಲ. ಎರಡು ಕೆನ್ನೆಯ ಕೆಲಸವನ್ನು ಒಂದೇ ಕೆನ್ನೆ ಮಾಡಬೇಕಾಗಿತ್ತು. ಕಿವಿಯಿಂದ ಬಾಯಿಯ ಮಟ್ಟದವರೆಗೆ ಒಂದು ಸೆಟ್ಟು, ಅಲ್ಲಿಂದ ಗಂಟಲಿನವರೆಗೆ ಇನ್ನೊಂದು. ಚರ್ಮಕ್ಕೆ ಬಿಡುವೇ ಇರಲಿಲ್ಲ, ಸಣ್ಣ ಗುಳ್ಳೆಗಳೆದ್ದವು. ಪಟಿಕ ಸವರಿದಾಗ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಆಗ ಅವನು ಎಡಗೈಯ ಉಳಿದ ಬೆರಳುಗಳಿಂದ ಆ ಕಡೆಯ ಗಡ್ಡವನ್ನು ಮೆಲ್ಲಗೆ ನೀವಿಕೊಳ್ಳುತ್ತಿದ್ದ.

ಏಳನೇ ತಿಂಗಳಲ್ಲಿ ಚಿಕ್ಕಮ್ಮನ ಕಾಲು ಊದಿತು. ತಲೆನೋವು ಎಂದು ಮಲಗಿದವಳಿಗೆ ಕಣ್ಣು ಮಂಜಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದರು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಗಂಡು ಮಗು. ಬೀಪಿ ಏರಿತ್ತು, ಮೊದಲೇ ತೋರಿಸಬೇಕಿತ್ತು, ಹಿಂದಿನವೂ ಇದರಿಂದಲೇ ಹೋಗಿರಬಹುದು ಎಂದು ಡಾಕ್ಟರಮ್ಮ ಹೇಳಿದರು. ಬೀಪಿಗೂ ಗಡ್ಡಕ್ಕೂ ಏನಾದರೂ ಸಂಬಂಧ ಉಂಟೇ ಎಂದು ನಾನು ನರ್ಸಮ್ಮನನ್ನು ಕೇಳಿದೆ. ಅಪರಿಚಿತರ ಹತ್ತಿರ ನಾನಾಗಿ ಬಾಯಿ ಬಿಟ್ಟದ್ದು ಅದೇ ಮೊದಲು. ಆಕೆ ನನ್ನನ್ನು ಒಂದು ಥರ ನೋಡಿ, "ಏನೂ ಇಲ್ಲಮ್ಮ," ಅಂದರು.

ಡಾಕ್ಟರಮ್ಮನ ಮಾತು ಮನೆಯವರಿಗೆ ಯಾರಿಗೂ ಬೇಕಾಗಿರಲಿಲ್ಲ. ಆಸ್ಪತ್ರೆಯ ಜಗಲಿಯಲ್ಲಿ, ಜನರೆಲ್ಲ ನೋಡುತ್ತಿರುವಾಗ, ವೆಂಕಟಮ್ಮಜ್ಜಿ ಅಳಿಯನ ಮುಖದ ಮೇಲಿನ ಟವೆಲ್ಲನ್ನು ಎಳೆದು ಬಿಸಾಡಿದಳು.

"ನೋಡ್ರಪ್ಪಾ ನೋಡಿ! ಅರ್ಧ ಬಿಟ್ಟ ಇವ್ನು. ದೇವ್ರೂ ಅರ್ಧಕ್ಕೇ ಕೈ ಬಿಟ್ಟ!"

ಚಿಕ್ಕಪ್ಪ ಟವೆಲ್ಲನ್ನು ಎತ್ತಿಕೊಳ್ಳಲಿಲ್ಲ. ಬೀದಿಗೆ ಮುಖ ಮಾಡಿ ನಿಂತೇ ಇದ್ದ.

ಚಿಕ್ಕಮ್ಮ ಜಗಳವಾಡಲಿಲ್ಲ. ಸರ್ಜಾಪುರಕ್ಕೆ ಹೊರಡುವ ದಿನ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು. "ಒಂದ್ಸಲ, ಬರೀ ಒಂದ್ಸಲ ಬಾಯಿ ಬಿಟ್ಟು ಕೇಳಿದ್ರೆ ಅವ್ರು ಬ್ಯಾಡ ಅಂತಿದ್ರಾ?"

ಆಗಲಾದರೂ ಅವನು ಹೇಳಬೇಕಿತ್ತು. ಹೇಳಲಿಲ್ಲ. ಮಗುವೇ ಹೋದ ಮೇಲೆ ತನ್ನ ಮಾನ ಉಳಿಸಿಕೊಳ್ಳುವ ಮಾತಾಡಿದಂತಾಗುತ್ತದೆ ಎಂದುಕೊಂಡನೋ ಏನೋ. ಅವಳು ಬಸ್ಸು ಹತ್ತಿದಳು. ಆಮೇಲೆ ಬರಲಿಲ್ಲ.

ಚಿಕ್ಕಪ್ಪ ಶೆಡ್ಡಿಗೆ ಬಂದು ಎಡಗೆನ್ನೆಯ ಗಡ್ಡವನ್ನು ಕತ್ತರಿಯಿಂದ ಕತ್ತರಿಸಿ, ಸೋಪು ಹಚ್ಚಿ, ಕೊನೆಯ ಮಾದರಿಯ ಸೆಟ್ಟಿನಿಂದ ಪೂರ್ತಿ ಮುಖ ಮಾಡಿಕೊಂಡ. ನಾನು ಹತ್ತಿ ಎಳೆದೆ. ಎಲ್ಲೂ ಸಿಕ್ಕಲಿಲ್ಲ, ಗಾಜಿನ ಮೇಲೆ ಎಳೆದ ಹಾಗೆ ಜಾರಿತು. ಪಟಿಕ ಸವರಿಕೊಂಡ. ಮುಖದಲ್ಲಿ ಏನೂ ಕಾಣಲಿಲ್ಲ.

"ಉರೀತಾ?" ಎಂದು ಕೇಳಿದರು ಶ್ಯಾಮಣ್ಣನವರು.

"ಇಲ್ಲ ಸಾರ್."

"ಹೊರಗಿಂದಕ್ಕಿಂತ?"

"ಎರಡೂ ಒಂದೇ ಸಾರ್."

ಶ್ಯಾಮಣ್ಣನವರಿಗೆ ಬೇಕಾಗಿದ್ದದ್ದು ಅದೇ ಮಾತು. ಡೈ ಕಡೆಯಲು ಕೊಟ್ಟರು. ಅದು ತಯಾರಾಗಿ ಬಂದ ದಿನ ಎಲ್ಲರಿಗೂ ಸಿಹಿ ಹಂಚಿ, ಚಿಕ್ಕಪ್ಪನ ಹೆಗಲ ಮೇಲೆ ಕೈ ಹಾಕಿದರು. "ಇನ್ನು ಟ್ರಯಲ್ ಇಲ್ಲ ನಲ್ಲಪ್ಪ. ನೀನೇನೂ ಹೆದರ್ಬೇಡ, ಶೆಡ್ಡು ಗುಡಿಸ್ಕೊಂಡು ಆರಾಮಾಗಿರು. ಗಡ್ಡ ಬೇಕಾದ್ರೂ ಬಿಡ್ಕೋ."

ಅವರು ಪ್ರೀತಿಯಿಂದಲೇ ಹೇಳಿದರು. ಹಿಂದೆ ತಾವು ಏನು ಹೇಳಿದ್ದೆವೆಂಬುದು ಅವರಿಗೆ ನೆನಪಿದ್ದ ಹಾಗೆ ಕಾಣಲಿಲ್ಲ. ಚಿಕ್ಕಪ್ಪ ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡ.

ಹೊಸ ಸೆಟ್ಟು ಚೆನ್ನಾಗಿ ಹೋಗುತ್ತಿದೆ. ಕೊಂಡವರು ನುಣುಪು ಎನ್ನುತ್ತಾರೆ, ಉರಿಯುವುದಿಲ್ಲ ಎನ್ನುತ್ತಾರೆ. ಡಬ್ಬಿಯ ಮೇಲೆ ಒಬ್ಬ ಗಂಡಸಿನ ಚಿತ್ರವಿದೆ. ಒಂದು ಕೆನ್ನೆಯಲ್ಲಿ ನೊರೆ, ಇನ್ನೊಂದು ನುಣ್ಣಗೆ. ಅವನು ನಗುತ್ತಿದ್ದಾನೆ. ದಿನವಿಡೀ ಆ ಡಬ್ಬಿಗಳನ್ನು ಮಡಿಸುವವಳು ನಾನು. ಚಿಕ್ಕಪ್ಪ ನಮ್ಮ ಕಾಲ ಕೆಳಗಿನ ಕಾಗದದ ಚೂರುಗಳನ್ನು ಗುಡಿಸುತ್ತಾ ಬರುತ್ತಾನೆ. ಚಿತ್ರ ಮೇಲ್ಮುಖವಾಗಿ ಬಿದ್ದ ಚೂರನ್ನು ಪೊರಕೆಯ ತುದಿಯಿಂದ ಕವುಚಿ ಹಾಕಿ ಆಮೇಲೆ ಗುಡಿಸುತ್ತಾನೆ.

ಚಿಕ್ಕಮ್ಮನಿಗೆ ಓದು ಬರುವುದಿಲ್ಲ. ಬರುವ ಭಾನುವಾರ ನಾನೊಬ್ಬಳೇ ಸರ್ಜಾಪುರಕ್ಕೆ ಹೋಗಿ ಇದನ್ನು ಅವಳ ಮುಂದೆ ಗಟ್ಟಿಯಾಗಿ ಓದುತ್ತೇನೆ.