ಮೆಂಬರ್ ಶೈನಿಯ ಗಂಡ

ಶೈನಿಯನ್ನು ಸೈಮನ ಮೊದಲು ಕಂಡದ್ದು ಭಾಲ್ಕಿಯ ತನ್ನ ಫೋಟೊ ಸ್ಟುಡಿಯೊದಲ್ಲಿ. ಔರಾದದ ನರ್ಸ್ ಎಮಿಲಿಯವರ ಮಗಳು ಅವಳು. ಬಸ್ಸಿನಲ್ಲಿ ಬೀದರಿಗೆ ಓಡಾಡಿ ಭಾರ ಎತ್ತುವುದನ್ನು ಕಲಿತು ದೇಶಕ್ಕೇ ಮೊದಲಿಗಳಾಗಿದ್ದಳು. ಹೊರದೇಶದ ಸ್ಪರ್ಧೆಗೆಂದು ವೀಸಾಕ್ಕೆ ಫೋಟೊ ಬೇಕಿತ್ತು.

"ಸ್ವಲ್ಪ ನಗ್ರಿ," ಎಂದ ಸೈಮನ.

"ಎತ್ತೋಕಿಂತ ಮೊದ್ಲ ನಗಂಗಿಲ್ಲರಿ. ಗೆದ್ದು ಬಂದು ನಗ್ತೇನಿ."

ಗೆದ್ದಳು. ಹೇಳಿದಂತೆಯೇ ಪದಕ ಹಾಕಿಕೊಂಡು ಬಂದು, ಬಾಯಿ ತುಂಬ ನಕ್ಕು, "ಈಗ ತಗೀರಿ," ಎಂದಳು. ಅವತ್ತು ಸೈಮನ ಅವಳನ್ನೇ ನೋಡುತ್ತ ಕ್ಯಾಮೆರಾದ ಗುಂಡಿ ಒತ್ತುವುದನ್ನೇ ಮರೆತ. ಮರುವರ್ಷ ಮದುವೆ. "ಇಂಥ ತೋಳಿನ ಸೊಸಿ ತಂದಿಯಲ್ಲೋ," ಎಂದು ಸೋದರತ್ತೆಯರು ಆಡಿಕೊಂಡರೆ ಅವನಿಗೆ ಹೆಮ್ಮೆಯೇ ಆಗುತ್ತಿತ್ತು.

ಎರಡನೆಯ ಮಗಳು ಹುಟ್ಟಿದ ಮೇಲೆ ಭುಜದ ನೋವು ಬಿಡಲಿಲ್ಲ. ಶೈನಿ ಸ್ಪರ್ಧೆ ನಿಲ್ಲಿಸಿದಳು. ಆ ಮಗಳು ಶಾಲೆಗೆ ಹೋಗುವ ಹೊತ್ತಿಗೆ ಪುರಸಭೆಯಲ್ಲಿ ಅವರ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಪಕ್ಷದ ಹಿರಿಯ ಗುರುನಾಥ ಮನೆಗೆ ಬಂದರು. "ಪದಕ ತಂದ ಹೆಣ್ಣುಮಗಳು, ನೀ ನಿಂತ್ರ ಸಾಕವಾ. ಉಳಿದಿದ್ದು ಸೈಮನ ನೋಡ್ಕೋತಾನ."

ಭಾಷಣ ಶೈನಿಗೆ ಬರುತ್ತಿರಲಿಲ್ಲ. ಮನೆಮನೆಯ ಕಟ್ಟೆಯ ಮೇಲೆ ಕೂತಳು, ಅಷ್ಟೇ. ಮುದುಕಿಯರು ತೋಳು ಹಿಸುಕಿ, "ಏನ್ ತಿಂತಿ ಯವ್ವಾ?" ಎನ್ನುವರು. "ನೀವು ತಿನ್ನೂದ ಆಯಿ, ಜ್ವಾಳದ ರೊಟ್ಟಿ," ಎನ್ನುವಳು. ಹಾಗೇ ಗೆದ್ದೇಬಿಟ್ಟಳು.

ಗೆದ್ದದ್ದು ಅವಳು, ಜನ "ಮೆಂಬರ್ ಸಾಬ್" ಎಂದದ್ದು ಸೈಮನನನ್ನು. ಅದು ಅವನಿಗೆ ಹಿತವಾಯಿತು. ಬಿಳಿ ಅಂಗಿ ಹೊಲಿಸಿಕೊಂಡ. ಚರಂಡಿಯ ವಿಷಯಕ್ಕೆ ಓಣಿಯವರು ಸಮುದಾಯ ಭವನದಲ್ಲಿ ಸಭೆ ಸೇರಿದ ದಿನ ಗುರುನಾಥ ಕೈ ಹಿಡಿದು ಕೂರಿಸಿದ್ದೇ ತಡ, ಇನ್ನೂ ಬಾರದ ಶೈನಿಗೆಂದು ಇಟ್ಟ ಕುರ್ಚಿಯಲ್ಲಿ ಕೂತು, "ಮಾಡಿಸ್ತೀವಿ, ಮಾಡಿಸ್ತೀವಿ," ಎನ್ನತೊಡಗಿದ. ಬಾಗಿಲಲ್ಲಿ ಹೆಂಡತಿ ಬಂದು ನಿಂತದ್ದನ್ನು ನೋಡಿ ಕುರ್ಚಿಯಿಂದ ಅರ್ಧ ಎದ್ದ.

ಅವಳು ಅವನನ್ನು ಜನರಿಂದ ದೂರ, ಹೊರಗಿನ ಪಡಸಾಲೆಗೆ ಕರೆದು ಮೆಲ್ಲಗೆ ಹೇಳಿದಳು:

"ಸ್ಪರ್ಧಾದಾಗ ಬ್ಯಾರೆಯವ್ರು ಕಂಬಿಗಿ ಬೆರಳು ಹಚ್ಚಿದ್ರೂ ನಾ ಎತ್ತಿದ್ದು ಲೆಕ್ಕಕ್ಕ ಬರಂಗಿಲ್ಲರಿ. ಸಹಾಯಕ್ಕಂತ ಹಚ್ಚಿದ್ರೂ ಅಷ್ಟ."

ಸೈಮನನ ಕಿವಿ ಕೆಂಪಾದವು. "ಹಂಗಾರ ನಾ ಏನ್ ಮಾಡ್ಲಿ?"

"ಸಣ್ಣಾಕಿ ಸಾಲಿ ಬಿಡೋ ಹೊತ್ತಾತು."

ಸ್ಕೂಟರ್ ಹತ್ತಿ ಹೊರಟ. ಶಾಲೆ ಮುಟ್ಟುವ ತನಕ ಸಿಟ್ಟಿತ್ತು. ಮಗಳು ಹಿಂದೆ ಕೂತು, "ಇವತ್ತ ಅಮ್ಮ ಮಾತಾಡ್ತಾಳಂತಲ್ಲ ಪಪ್ಪಾ, ಹೆದರ್ತಾಳೇನು?" ಎಂದು ಕೇಳಿದಾಗ ಸಿಟ್ಟು ಇಳಿದು ದಿಗಿಲು ಹತ್ತಿತು. ಮಗಳನ್ನು ಕರೆದುಕೊಂಡೇ ಸಭೆಗೆ ಮರಳಿ ಕಿಟಕಿಯ ಹೊರಗೆ ನಿಂತ. ಶೈನಿ ತಡವರಿಸುತ್ತಿದ್ದಳು, ನಡುವೆ ನಿಲ್ಲಿಸುತ್ತಿದ್ದಳು, ಆದರೂ ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಟ್ಟಳು.

ತಾವು ಕೂರಿಸಿದವನನ್ನು ಶೈನಿ ಎಬ್ಬಿಸಿದಳೆಂದು ಗುರುನಾಥ ತಿಂಗಳುಗಟ್ಟಲೆ ಮುನಿಸಿಕೊಂಡಿದ್ದರು. ಚರಂಡಿಗೆ ಹಾಸುಗಲ್ಲು ಬಿದ್ದ ಮೇಲೆ ಒಂದು ಬೆಳಿಗ್ಗೆ ತಾವಾಗಿ ಬಂದು, "ನಮ್ಮ ಗಲ್ಲಿದೂ ಸ್ವಲ್ಪ ನೋಡವಾ," ಎಂದರು.

"ನಡೀರಿ ಕಾಕಾ, ಈಗ ಬರ್ತೇನಿ," ಎಂದು ಶೈನಿ ಚಪ್ಪಲಿ ಮೆಟ್ಟಿದಳು.

ಬೇಳೆ ಉಕ್ಕುವ ಸದ್ದಾಯಿತು. ಸೈಮನ ಒಳಗೆ ಓಡಿದ.