ಡ್ರೈಯರ್‌ಗೆ ಬಿದ್ದ ನನ್ನ ಅಂಗಿ

ಡ್ರೈಯರ್‌ನೊಳಗೆ ನನ್ನ ಅಂಗಿ ತಿರುಗುತ್ತಿರುವಾಗಲೇ ಆ ಮನೆಯ ಯಜಮಾನಿ ಬಂದು ಸ್ವಿಚ್ ಆರಿಸಿದರು. ಹೊನ್ನಾಳಿಯ ಆ ಮನೆಯಲ್ಲಿ ಅವ್ವ ಬಟ್ಟೆ ಒಗೆಯುತ್ತಿದ್ದಳು. ಬಿ.ಎ. ಮುಗಿಸಿದ್ದ ನನಗೆ ಅಂದು ಜಗಳೂರಿನಲ್ಲಿ ಮೇಷ್ಟ್ರ ಕೆಲಸದ ಸಂದರ್ಶನ. ಇದ್ದ ಒಂದೇ ಬಿಳಿ ಅಂಗಿ ಮಳೆಗೆ ನೆನೆದಿತ್ತು. ಅವ್ವ ಅದನ್ನು ಬಟ್ಟೆ ಹಿಂಡಿ ಒಣಗಿಸುವ ಆ ದುಂಡನೆಯ ಯಂತ್ರಕ್ಕೆ ಹಾಕಿದ್ದಳು.

“ನಿಮ್ಮೋರ ಬಟ್ಟೆ ಇದರಾಗೆ ಹಾಕಾಕೆ ಯಾರು ಹೇಳಿದ್ರು? ತೆಗಿ. ಒಳಗೆಲ್ಲ ನೀರು ಹುಯ್ದು ತೊಳಿ.”

ಅವರ ಸೀರೆ, ಹೊದಿಕೆಗಳನ್ನು ದಿನಾ ಒಗೆದು ಅದಕ್ಕೆ ತುಂಬುತ್ತಿದ್ದುದು ಅವ್ವನ ಕೈಯೇ. ಆ ಕೈಗೆ ಇರದ ಮೈಲಿಗೆ ನನ್ನ ಅಂಗಿಗೆ ಇತ್ತು. ಯಂತ್ರವನ್ನು ತೊಳೆದದ್ದೂ ಅದೇ ಕೈ. ನಾನು ಪದವಿ ಪತ್ರ ಹಿಡಿದುಕೊಂಡು ಹೊರಟೆ. ಒದ್ದೆ ಅಂಗಿಯಲ್ಲೇ ಬಸ್ ಹತ್ತಿದೆ; ಜಗಳೂರಿನ ಗಾಳಿಗೆ ಅದು ಮೈಮೇಲೆಯೇ ಒಣಗಿತು. ಕೆಲಸ ಸಿಕ್ಕಿತು.

ಮೂರು ವರ್ಷದ ಮೇಲೆ ದಾವಣಗೆರೆಯಲ್ಲಿ ಅಂಥದ್ದೇ ಹಳೆಯ ಡ್ರೈಯರ್ ಕಂಡಿತು. ನೋಡಿದ ಕೂಡಲೇ ಗುರುತು ಹಿಡಿದು, ಹಟಕ್ಕೆ ಕೊಂಡು ತಂದೆ. ಮೊದಲ ದಿನ ಅವ್ವ ಅದರಲ್ಲಿ ತನ್ನ ಸೀರೆ ಒಣಗಿಸಿ ಹೊರಗೆ ತೆಗೆದವಳೇ ಒಳಗೆ ನೀರು ಹುಯ್ದು ತೊಳೆಯತೊಡಗಿದಳು. ಯಾಕವ್ವಾ ಎಂದೆ. “ನಾಳೆ ಇದರಾಗೆ ಮೇಷ್ಟ್ರ ಅಂಗಿ ಹಾಕಬೇಕಲ್ಲಪ್ಪ” ಎಂದಳು.